ಅಮೆರಿಕದ ಫೆಡರಲ್ ಜಿಲ್ಲಾ ನ್ಯಾಯಾಲಯ: ನಿಮ್ಮ ಕಡತಕ್ಕೂ ಅದಕ್ಕೂ ಏನು ನಂಟು?

ಕಾರನ್ನು ಮಿತಿಮೀರಿದ ವೇಗದಲ್ಲಿ ಓಡಿಸಿ ದಂಡದ ಚೀಟಿ ಸಿಕ್ಕರೆ, ಬಾಡಿಗೆ ಮನೆಯ ಮುಂಗಡ ಹಣ ವಾಪಸು ಬಾರದಿದ್ದರೆ, ದಾಂಪತ್ಯ ಮುರಿದರೆ ಅಮೆರಿಕದಲ್ಲಿ ಹೋಗಬೇಕಾದದ್ದು ರಾಜ್ಯದ ನ್ಯಾಯಾಲಯಕ್ಕೆ. ಪೌರತ್ವದ ಅರ್ಜಿ ಕೊಳೆಯುತ್ತ ಬಿದ್ದರೆ, ವೀಸಾ ನಿಯಮವನ್ನೇ ಪ್ರಶ್ನಿಸಬೇಕಾದರೆ ದಾರಿ ಬೇರೆ. ಅದು ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಜಿಲ್ಲಾ ನ್ಯಾಯಾಲಯದ ಕಡೆಗೆ ಹೋಗುತ್ತದೆ.

ಇದರ ಹುಟ್ಟು 1789ರ ಸೆಪ್ಟೆಂಬರ್ 24ರಂದು ಜಾರ್ಜ್ ವಾಷಿಂಗ್ಟನ್ ಸಹಿ ಹಾಕಿದ ನ್ಯಾಯಾಂಗ ಕಾಯಿದೆಯಲ್ಲಿದೆ. ಆಗ 13 ಜಿಲ್ಲೆಗಳು, ಜಿಲ್ಲೆಗೊಬ್ಬರೇ ನ್ಯಾಯಾಧೀಶರು. ಅವರ ಪಾಲಿಗೆ ಬರುತ್ತಿದ್ದದ್ದು ಹೆಚ್ಚಾಗಿ ಹಡಗು, ಸುಂಕಗಳ ವ್ಯಾಜ್ಯ. ದೊಡ್ಡ ಮೊಕದ್ದಮೆಗಳಿಗೆ ಸರ್ಕ್ಯೂಟ್ ನ್ಯಾಯಾಲಯಗಳಿದ್ದವು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೇ ಕೆಟ್ಟ ರಸ್ತೆಗಳಲ್ಲಿ ಊರೂರು ಅಲೆದು ಅವನ್ನು ನಡೆಸಬೇಕಿತ್ತು. ಆ ನ್ಯಾಯಾಲಯಗಳು 1912ರ ಜನವರಿ 1ರಂದು ರದ್ದಾದ ಮೇಲೆ ಫೆಡರಲ್ ವಿಚಾರಣೆಯ ಭಾರವೆಲ್ಲ ಜಿಲ್ಲಾ ನ್ಯಾಯಾಲಯಗಳ ಹೆಗಲಿಗೆ ಬಿತ್ತು.

ಇಂದು 94 ಜಿಲ್ಲೆಗಳಿವೆ. ಸಣ್ಣ ರಾಜ್ಯಕ್ಕೆ ಒಂದು. ಕ್ಯಾಲಿಫೋರ್ನಿಯ, ಟೆಕ್ಸಾಸ್, ನ್ಯೂಯಾರ್ಕ್‌ಗಳಿಗೆ ನಾಲ್ಕು ನಾಲ್ಕು. ನಿಮ್ಮದು ಯಾವುದೆಂದು ನೋಡಿಕೊಳ್ಳಿ. ಡಲ್ಲಾಸ್ ನಗರ ಟೆಕ್ಸಾಸಿನ ಉತ್ತರ ಜಿಲ್ಲೆಗೆ ಸೇರಿದರೆ, ಪಕ್ಕದ ಕಾಲಿನ್ ಕೌಂಟಿ ಪೂರ್ವ ಜಿಲ್ಲೆಗೆ ಸೇರುತ್ತದೆ.

ನ್ಯಾಯಾಧೀಶರ ವಿಷಯಕ್ಕೆ ಬಂದರೆ ನಮ್ಮೂರಿನ ಲೆಕ್ಕಾಚಾರವೇ ತಲೆಕೆಳಗು. ಕರ್ನಾಟಕದಲ್ಲಿ ಜಿಲ್ಲಾ ನ್ಯಾಯಾಧೀಶರು ಹೈಕೋರ್ಟಿನ ಅಧೀನದಲ್ಲಿ ವರ್ಗಾವಣೆಯಾಗುತ್ತ, 60ಕ್ಕೆ ನಿವೃತ್ತರಾಗುತ್ತಾರೆ. ಅಮೆರಿಕದಲ್ಲಿ ಅಧ್ಯಕ್ಷರು ನೇಮಿಸಿ, ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪಿದರೆ ಹುದ್ದೆ ಜೀವನಪರ್ಯಂತ, ಸಂಬಳವನ್ನೂ ಕಡಿತಗೊಳಿಸುವಂತಿಲ್ಲ. ಕಾನೂನು ಪದವಿ ಇರಲೇಬೇಕೆಂದು ಸಂವಿಧಾನ ಹೇಳುವುದಿಲ್ಲ, ವಯಸ್ಸಿನ ಮಾತೂ ಇಲ್ಲ! 1962ರಲ್ಲಿ ಕೆನಡಿ ನೇಮಿಸಿದ ಕಾನ್ಸಸ್‌ನ ವೆಸ್ಲಿ ಬ್ರೌನ್, ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡು ನೂರು ದಾಟಿದ ಮೇಲೂ ವಿಚಾರಣೆ ನಡೆಸಿದರು. 2012ರಲ್ಲಿ ತೀರಿಕೊಂಡಾಗ ಅವರಿಗೆ 104 ವರ್ಷ. ತೆಗೆದುಹಾಕಲು ಇರುವುದು ಸಂಸತ್ತು ನಡೆಸುವ ಮಹಾಭಿಯೋಗ (ಇಂಪೀಚ್‌ಮೆಂಟ್) ಒಂದೇ. 1804ರಲ್ಲಿ ನ್ಯೂ ಹ್ಯಾಂಪ್‌ಶೈರಿನ ಜಾನ್ ಪಿಕರಿಂಗ್ ಹಾಗೆ ಹೋದ ಮೊದಲಿಗರು. ಆಮೇಲೆ ಹೋದವರು ಬಹಳ ಕಡಿಮೆ. ರಾಜಕೀಯ ನೋಡಿಯೇ ನೇಮಕವಾಗುತ್ತದೆ ಎಂಬ ದೂರು ಸುಳ್ಳಲ್ಲ. ಆದರೂ ನೇಮಿಸಿದವರ ಹಂಗು ಮರುದಿನದಿಂದ ಇರಬೇಕಿಲ್ಲ ಎಂಬುದೇ ನನಗೆ ಈ ವ್ಯವಸ್ಥೆಯಲ್ಲಿ ಮುಖ್ಯವಾಗಿ ಕಾಣುವುದು.

ಭಾರತೀಯರಿಗೆ ಈ ಪೀಠದ ಪರಿಚಯ ಹಳೆಯದು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಸೇರಿದ್ದ ಭಗತ್ ಸಿಂಗ್ ಥಿಂಡ್ ಅವರಿಗೆ 1920ರಲ್ಲಿ ಒರೆಗಾನಿನ ಜಿಲ್ಲಾ ನ್ಯಾಯಾಧೀಶ ಚಾರ್ಲ್ಸ್ ವುಲ್ವರ್ಟನ್ ಪೌರತ್ವ ಕೊಟ್ಟರು. ಸರ್ಕಾರ ಮೇಲ್ಮನವಿ ಹೋಯಿತು. ಪೌರತ್ವಕ್ಕೆ ಆಗಿನ ಕಾನೂನು ಕೇಳುತ್ತಿದ್ದ ಅರ್ಥದಲ್ಲಿ ಥಿಂಡ್ ‘ಬಿಳಿಯ’ರಲ್ಲ ಎಂದು 1923ರಲ್ಲಿ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ತೀರ್ಪು ಕೊಟ್ಟಿತು. ಆ ತೀರ್ಪನ್ನು ಹಿಡಿದು, ಅದಾಗಲೇ ಪೌರರಾಗಿದ್ದ ಹಲವು ಭಾರತೀಯರ ಪೌರತ್ವವನ್ನೂ ಕಿತ್ತುಕೊಳ್ಳಲಾಯಿತು. ಥಿಂಡ್ ಮತ್ತೆ ಪೌರರಾದದ್ದು 1936ರಲ್ಲಿ.

ಈಗ ಪೌರತ್ವ ಕೊಡುವುದು ವಲಸೆ ಇಲಾಖೆಯೇ. ಆದರೆ ಸಂದರ್ಶನ ಮುಗಿದು 120 ದಿನ ಕಳೆದರೂ ತೀರ್ಮಾನ ಬಾರದಿದ್ದರೆ, ನೀವು ವಾಸಿಸುವ ಜಿಲ್ಲೆಯ ಫೆಡರಲ್ ನ್ಯಾಯಾಲಯದ ಮೊರೆಹೋಗಬಹುದು. ಅದು ತಾನೇ ನಿರ್ಧರಿಸಬಹುದು, ಇಲ್ಲವೇ ಸೂಚನೆ ಕೊಟ್ಟು ಇಲಾಖೆಗೆ ಮರಳಿಸಬಹುದು. ಅರ್ಜಿ ತಿರಸ್ಕೃತವಾಗಿ, ಇಲಾಖೆಯೊಳಗಿನ ಮರುವಿಚಾರಣೆಯಲ್ಲೂ ಸೋತರೆ, ಇದೇ ನ್ಯಾಯಾಲಯ ಎಲ್ಲವನ್ನೂ ಹೊಸದಾಗಿ ಪರಿಶೀಲಿಸುತ್ತದೆ. ಎಚ್-1ಬಿ ಉದ್ಯೋಗ ವೀಸಾದವರ ಜೊತೆ ಎಚ್-4 ವೀಸಾದಲ್ಲಿ ಬಂದ ಸಂಗಾತಿಗಳಲ್ಲಿ ಕೆಲವರಿಗೆ 2015ರಿಂದ ಸಿಗುತ್ತಿರುವ ಕೆಲಸದ ಪರವಾನಗಿಯನ್ನು 2023ರಲ್ಲಿ ಎತ್ತಿಹಿಡಿದದ್ದೂ ವಾಷಿಂಗ್ಟನ್ ಡಿ.ಸಿ.ಯ ಜಿಲ್ಲಾ ನ್ಯಾಯಾಧೀಶೆ ತಾನ್ಯಾ ಚಟ್ಕನ್.

ಇನ್ನೊಂದು ಮಾತು. ಮೊಕದ್ದಮೆಯಲ್ಲಿ ತೀರ್ಮಾನ ಹೇಳುವ ಸಾಮಾನ್ಯ ಪೌರರ ಮಂಡಳಿಯಾದ ಜ್ಯೂರಿಯ ಸೇವೆಗೆ ಕರೆಯುವ ಪತ್ರ, ಪೌರರಲ್ಲದ ಗ್ರೀನ್ ಕಾರ್ಡಿನವರ ಮನೆಗೂ ಕೆಲವೊಮ್ಮೆ ಬರುತ್ತದೆ. ಅದನ್ನು ಕಸದ ಬುಟ್ಟಿಗೆ ಹಾಕಬೇಡಿ. ಪೌರನಲ್ಲ ಎಂಬಲ್ಲಿ ಗುರುತು ಹಾಕಿ, ಸಹಿ ಮಾಡಿ ಹಿಂದಕ್ಕೆ ಕಳುಹಿಸಿ. ಕೈತಪ್ಪಿಯೂ ಪೌರನೆಂದು ಬರೆಯಬೇಡಿ, ಮುಂದೆ ಪೌರತ್ವದ ಅರ್ಜಿ ಹಾಕುವಾಗ ಅದೇ ಕೊರಳಿಗೆ ಸುತ್ತಿಕೊಳ್ಳುತ್ತದೆ.