ಮಳೆಗಾಲದ ಪಿಟಿ ಪೀರಿಯಡ್

ಜೂನ್ ಅರ್ಧ ಕಳೆಯುವಷ್ಟರಲ್ಲಿ ನಮ್ಮ ಶಾಲೆಯ ಮೈದಾನ ಕೆರೆಯಾಗಿರುತ್ತದೆ. ದಕ್ಷಿಣ ಕೊಡಗಿನಲ್ಲಿ ಮಳೆ ಹಿಡಿಯಿತೆಂದರೆ ಹಾಕಿ ಸ್ಟಿಕ್‌ಗಳು ಮೂಲೆ ಸೇರಿದಂತೆಯೇ. ನಾನು ಇಲ್ಲಿಗೆ ಪಿಟಿ ಟೀಚರ್ ಆಗಿ ಬಂದ ಮೊದಲ ವರ್ಷ ಆ ತಿಂಗಳುಗಳ ಪೀರಿಯಡ್‌ಗಳನ್ನೆಲ್ಲ ಗಣಿತಕ್ಕೋ ಇಂಗ್ಲಿಷಿಗೋ ಬಿಟ್ಟುಕೊಟ್ಟೆ. ಮಕ್ಕಳ ಮುಖ ಬಾಡಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಎರಡನೇ ವರ್ಷ ಒಂದನ್ನೂ ಬಿಡಲಿಲ್ಲ. 8 ಮತ್ತು 9ನೇ ತರಗತಿಯವರನ್ನು ವರಾಂಡದಲ್ಲಿ ಸಾಲಾಗಿ ಕೂರಿಸಿ, ನಮ್ಮ ದೇಹ ಹೇಗೆ ಕೆಲಸ ಮಾಡುತ್ತದೆ ಎಂಬ ಪಾಠವನ್ನು ನಾಡಿ ಹಿಡಿಯುವುದರಿಂದ ಶುರು ಮಾಡಿದೆ.

ಹೆಬ್ಬೆರಳಿನ ಬುಡದಿಂದ ಸ್ವಲ್ಪ ಕೆಳಗೆ, ಮಣಿಕಟ್ಟಿನ ಮೇಲೆ ತೋರುಬೆರಳು ಮತ್ತು ನಡುಬೆರಳು ಇಡಬೇಕು. ಹೆಬ್ಬೆರಳಿಗೆ ಅದರದೇ ಮಿಡಿತ ಇರುವುದರಿಂದ ಅದನ್ನು ಇಟ್ಟರೆ ಲೆಕ್ಕ ತಪ್ಪುತ್ತದೆ. ಕೆಲವರಿಗೆ ಎಷ್ಟು ಹುಡುಕಿದರೂ ಮಿಡಿತ ಸಿಗಲಿಲ್ಲ. ಅಂಗಳದ ಅಂಟುಮಣ್ಣಿನ ಸಣ್ಣ ಉಂಡೆಗೆ ಬೆಂಕಿಕಡ್ಡಿ ಚುಚ್ಚಿ ಅವರ ಮಣಿಕಟ್ಟಿನ ಮೇಲೆ ಕೂರಿಸಿದೆ. ಕಡ್ಡಿ ತಾನಾಗಿಯೇ ಅಲ್ಲಾಡತೊಡಗಿದಾಗ ಇಡೀ ವರಾಂಡ ಮೌನವಾಯಿತು. ತನ್ನ ಹೃದಯ ಕೆಲಸ ಮಾಡುವುದನ್ನು ಮಗು ಕಣ್ಣಾರೆ ಕಾಣುವುದು ಅದೇ ಮೊದಲ ಸಲ.

15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಲೆಕ್ಕ ಸಿಗುತ್ತದೆ. ಕೂತಾಗ ಒಮ್ಮೆ, ನಿಂತಲ್ಲೇ ಒಂದು ನಿಮಿಷ ಓಡಿದ ಮೇಲೆ ಒಮ್ಮೆ, ಮೂರು ನಿಮಿಷ ಸುಮ್ಮನಿದ್ದು ಮತ್ತೊಮ್ಮೆ ಎಣಿಸಿದೆವು. ಓಡಿಸುವ ಮೊದಲು ಯಾರಿಗೆ ಉಬ್ಬಸ ಇದೆ ಎಂದು ಕೇಳಿಕೊಳ್ಳುತ್ತೇನೆ. ಅಂಥವರ ಕೈಗೆ ಸ್ಟಾಪ್‌ವಾಚ್ ಕೊಟ್ಟರೆ ಯಾರೂ ಹೊರಗೆ ಉಳಿದಂತಾಗುವುದಿಲ್ಲ. ಊರಿನ ಹಾಕಿ ತಂಡದಲ್ಲಿ ಆಡುವ ಹುಡುಗರ ನಾಡಿ ಬೇಗ ಇಳಿದಿದ್ದು ಎಲ್ಲರಿಗೂ ಕಂಡಿತು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳೇ ತಂಡ ಕಟ್ಟಿ ಆಡುವ ಕೌಟುಂಬಿಕ ಹಾಕಿ ಶುರು ಮಾಡಿದ ನಾಡು ಇದು. ಇಲ್ಲಿ ಅಭ್ಯಾಸ ಎಂದರೇನು ಎಂದು ಹೇಳಿಕೊಡಬೇಕಿಲ್ಲ. ಅಭ್ಯಾಸವಿದ್ದವರ ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ದೂಡುತ್ತದೆ, ಅದಕ್ಕೇ ಕಡಿಮೆ ಬಡಿತ ಸಾಕಾಗುತ್ತದೆ ಎಂಬುದನ್ನು ಅವರು ಆ ಅಂಕಿಗಳಿಂದಲೇ ಹೆಕ್ಕಿದರು.

ಒಬ್ಬ ಹುಡುಗಿಯ ನಾಡಿ ಮಾತ್ರ ಐದು ನಿಮಿಷವಾದರೂ ಇಳಿಯಲಿಲ್ಲ. ಮುಂದಿನ ವಾರವೂ ಹಾಗೇ ಆಯಿತು. ಅವಳ ಅಮ್ಮನನ್ನು ಕರೆಸಿ ಆರೋಗ್ಯ ಕೇಂದ್ರಕ್ಕೆ ಕಳಿಸಿದೆ. ರಕ್ತಹೀನತೆ ಇತ್ತು, ಕಬ್ಬಿಣದ ಮಾತ್ರೆ ಕೊಟ್ಟರು. ಅಂದಿನಿಂದ ನಾಡಿಯ ಲೆಕ್ಕವನ್ನು ಆಟಕ್ಕೆಂದು ಮಾತ್ರ ಮಾಡಿಸುತ್ತಿಲ್ಲ, ಪ್ರತಿ ಮಗುವಿಗೂ ಒಂದು ಪುಟ ಇಟ್ಟಿದ್ದೇನೆ.

ರಕ್ತ ಸಂಚಾರಕ್ಕೆ ವರಾಂಡದ ನೆಲದ ಮೇಲೆ ಹೃದಯದ ನಾಲ್ಕು ಕೋಣೆ, ಎರಡು ಶ್ವಾಸಕೋಶ, ಕೈಕಾಲುಗಳ ದಾರಿ ಎಲ್ಲವನ್ನೂ ಸೀಮೆಸುಣ್ಣದಲ್ಲಿ ಬರೆದೆ. ಮಕ್ಕಳು ರಕ್ತಕಣಗಳಾಗಿ ನಡೆಯಬೇಕು. ಪಠ್ಯದ ಚಿತ್ರದಲ್ಲಿರುವಂತೆ ಒಂದು ಕಡೆ ಕೆಂಪು, ಇನ್ನೊಂದು ಕಡೆ ನೀಲಿ ಬಳಿದಿದ್ದೆ. ತೋಟದ ಕಾರ್ಮಿಕರ ಲೈನ್ ಮನೆಯಿಂದ ತೋಟದ ದಾರಿಯಲ್ಲಿ ನಡೆದು ಬರುವ ಹುಡುಗಿಯೊಬ್ಬಳು ಕಾಲು ಮುಂದೆ ಚಾಚಿ, "ಟೀಚರ್, ಜಿಗಣೆ ಕಚ್ಚಿದಲ್ಲಿ ನೀಲಿ ರಕ್ತ ಯಾವತ್ತೂ ಬಂದಿಲ್ಲ" ಎಂದಳು. ಸರಿಯಾಗಿ ಹೇಳಿದ್ದಳು. ಆಮ್ಲಜನಕ ಕಡಿಮೆಯಾದ ರಕ್ತ ಕಡುಗೆಂಪು, ನೀಲಿಯಲ್ಲ. ಬೆಳಕು ಚರ್ಮ ದಾಟಿ ಮರಳುವ ರೀತಿಯಿಂದ ರಕ್ತನಾಳ ನೀಲಿಯಾಗಿ ಕಾಣುತ್ತದೆ. ಅಂದೇ ನೀಲಿ ಅಳಿಸಿ ಇಟ್ಟಿಗೆ ಚೂರಿನಿಂದ ಆ ದಾರಿ ಬರೆಸಿದೆ. ಅವಳ ಕಾಲಿನ ಗಾಯದಿಂದಲೇ ಮುಂದಿನ ಪಾಠ ಹುಟ್ಟಿತು. ಮುಳ್ಳು ತರಚಿದ ರಕ್ತ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ, ಜಿಗಣೆ ಕಚ್ಚಿದ್ದು ಸಾಕ್ಸ್ ನೆನೆದರೂ ನಿಲ್ಲುವುದಿಲ್ಲ. ಜಿಗಣೆಯ ಜೊಲ್ಲಿನಲ್ಲಿರುವ ಹಿರುಡಿನ್‌ನಂಥ ವಸ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ.

ಸ್ನಾಯುಗಳಿಗೆ ಹಗ್ಗಜಗ್ಗಾಟದ ಹಗ್ಗ ಸಾಕಾಯಿತು. "ಇದರಿಂದ ಯಾರನ್ನಾದರೂ ತಳ್ಳಿ ನೋಡೋಣ" ಎಂದೆ. ಆಗಲಿಲ್ಲ. ಸ್ನಾಯುವೂ ಹಾಗೇ, ಎಳೆಯಲು ಮಾತ್ರ ಬರುತ್ತದೆ. ತೊಡೆಯ ಮುಂದೆ ಒಂದು ಕೈ, ಹಿಂದೆ ಒಂದು ಕೈ ಇಟ್ಟುಕೊಂಡು ಮೊಣಕಾಲು ಚಾಚಿ ಮಡಚಿದಾಗ, ಯಾವಾಗ ಯಾವುದು ಗಟ್ಟಿಯಾಗುತ್ತದೆ ಎಂದು ಅವರೇ ಹೇಳಿದರು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಕಕ್ಕಡದ ಪಾಠ. ಆಗಸ್ಟ್ 3ರ ಸುಮಾರಿಗೆ ಕಕ್ಕಡ 18, ಅಂದರೆ ಕೊಡವರ ಕಕ್ಕಡ ತಿಂಗಳ 18ನೇ ದಿನ, ಬರುತ್ತದೆ. ಅಂದು ಮನೆಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ. ಸೊಪ್ಪು ಬೇಯಿಸಿದ ನೀರು ಕಡುನೇರಳೆಯಾಗಿರುತ್ತದೆ, ತಿಂದವರ ಮೂತ್ರ ಕೆಂಪಗಾಗುತ್ತದೆ. ಇದು ಗೊತ್ತಿಲ್ಲದ ಮಗು ಕೊಡಗಿನಲ್ಲಿ ಸಿಗುವುದು ಕಷ್ಟ, ಆದರೆ ತರಗತಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಿಂದಿನ ದಿನವೇ ನಾನು ಹೇಳಿದೆ: ಪಾಯಸ ಎಷ್ಟು ಗಂಟೆಗೆ ತಿಂದಿರಿ, ಬಣ್ಣ ಎಷ್ಟು ಗಂಟೆಗೆ ಕಂಡಿತು, ಯಾವಾಗ ಹೋಯಿತು, ಇಷ್ಟು ಬರೆದು ತನ್ನಿ. ಹೆಸರು ಬರೆಯಬೇಕಿಲ್ಲ. ಹೆಸರು ಬೇಡ ಎಂದಿದ್ದರಿಂದಲೇ ಎಲ್ಲರೂ ಬರೆದು ತಂದರು.

ಹೊಟ್ಟೆಗೆ ಹೋದ ಬಣ್ಣ ಮೂತ್ರಕ್ಕೆ ಬಂದದ್ದು ಹೇಗೆ ಎಂದು ಕೇಳಿದಾಗ, ಹೊಟ್ಟೆಯಿಂದ ಮೂತ್ರಕೋಶಕ್ಕೆ ನೇರ ಕೊಳವೆ ಇದೆ ಎಂದೇ ಹೆಚ್ಚಿನವರು ನಂಬಿದ್ದರು. ನೆಲದ ಚಿತ್ರಕ್ಕೆ ಕರುಳು ಮತ್ತು ಎರಡು ಮೂತ್ರಪಿಂಡ ಸೇರಿಸಿ ಬಣ್ಣದ ದಾರಿ ನಡೆಸಿದೆವು: ಕರುಳಿನಿಂದ ರಕ್ತಕ್ಕೆ, ರಕ್ತದೊಡನೆ ಮೂತ್ರಪಿಂಡಕ್ಕೆ, ಅಲ್ಲಿಂದ ಮೂತ್ರಕೋಶಕ್ಕೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ, ಹೊರಗೆ ಬರುವುದು ಒಂದೂವರೆ ಲೀಟರಿನಷ್ಟು, ಉಳಿದದ್ದು ರಕ್ತಕ್ಕೇ ವಾಪಸು. 180 ಲೀಟರ್ ಎಂದರೆ ಎಷ್ಟೆಂದು ತೋರಿಸಲು ಬಿಸಿಯೂಟದ ಕೋಣೆಯಿಂದ 20 ಲೀಟರಿನ ಪಾತ್ರೆ ತಂದು, ಒಂಬತ್ತು ಸಲ ಸೂರಿನ ನೀರು ತುಂಬಿಸಿ ಚೆಲ್ಲಿಸಿದೆ.

ಚೀಟಿಗಳನ್ನು ಗೋಡೆಗೆ ಅಂಟಿಸಿದ ಮೇಲೆ ಒಬ್ಬ ಹುಡುಗ ಅವುಗಳ ಮುಂದೆ ಬಹಳ ಹೊತ್ತು ನಿಂತಿದ್ದ. "ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ಯಾಕೆ ಟೀಚರ್? ನೀರು ಜಾಸ್ತಿ ಕುಡಿದವರಿಗೆ ಬೇಗ ಹೋಗಿರಬಹುದಾ?" ಎಂದು ಕೇಳಿದ. ಚೀಟಿಯಲ್ಲಿ ಆ ಲೆಕ್ಕ ಇರಲಿಲ್ಲ. ಬರುವ ಕಕ್ಕಡಕ್ಕೆ ಕುಡಿದ ನೀರನ್ನೂ ಲೋಟದ ಲೆಕ್ಕದಲ್ಲಿ ಬರೆಯುವುದೆಂದು ಅವನೇ ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟಿದ್ದಾನೆ.