ಹಳೆಯ ಹಾಲಿವುಡ್‌ನ ಪೋಷಕ ನಟಿಯ ಚಿತ್ರಪಟ್ಟಿ ಮಾಡುವ ಬಗೆ

ಕಲಬುರಗಿ, ಬೀದರಿನ ಕಾಲೇಜು ಸಿನಿಮಾ ಬಳಗಗಳಲ್ಲಿ ಹಳೆಯ ನಾಯಕಿಯರ ಬಗ್ಗೆ ಮಾತಾಡಲು ಪುಸ್ತಕಗಳು ಸಿಗುತ್ತವೆ. ದಾದಿ, ಅತ್ತೆ, ಅಡುಗೆಯವಳ ಪಾತ್ರ ಮಾಡಿದವರ ವೃತ್ತಿಬದುಕನ್ನು ಮಾತ್ರ ನಾವೇ ಹುಡುಕಿ ಜೋಡಿಸಬೇಕು.

ಮೊದಲು ಆರು ಕಾಲಂ ಗೆರೆ ಹಾಕಿಕೊಳ್ಳಿ: ವರ್ಷ, ಚಿತ್ರ, ಪಾತ್ರ, ತೆರೆಯ ಮೇಲೆ ಹೆಸರಿದೆಯೇ, ಆಧಾರ, ಪ್ರತಿ ಉಳಿದಿದೆಯೇ. ನಾಲ್ಕನೆಯ ಕಾಲಂ ಬಿಟ್ಟರೆ ಅರ್ಧ ಬದುಕೇ ಬಿಟ್ಟುಹೋಗುತ್ತದೆ. ಹ್ಯಾಟಿ ಮೆಕ್‌ಡೇನಿಯಲ್ 1930ರ ದಶಕದ ಎಷ್ಟೋ ಚಿತ್ರಗಳಲ್ಲಿ ಹೆಸರಿಲ್ಲದೆ ಬಂದುಹೋಗುತ್ತಾರೆ. 1940ರ ಫೆಬ್ರುವರಿ 29ರಂದು ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆ ಅವರೇ. ಪೋಷಕ ಕಲಾವಿದರಿಗೆ ಆಗ ಪ್ರತಿಮೆ ಕೊಡುತ್ತಿರಲಿಲ್ಲ, ಫಲಕವಷ್ಟೇ. ಆ ಪ್ರಶಸ್ತಿ ಶುರುವಾದದ್ದೂ 1936ರ ಚಿತ್ರಗಳಿಂದ. ಅದಕ್ಕೂ ಹಿಂದಿನವರನ್ನು ಪ್ರಶಸ್ತಿ ಪಟ್ಟಿಯಲ್ಲಿ ಹುಡುಕಬೇಡಿ.

ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಆನ್‌ಲೈನ್ ಚಿತ್ರಸೂಚಿಯಾದ ಎಎಫ್‌ಐ ಕ್ಯಾಟಲಾಗ್‌ನಿಂದ ಕಚ್ಚಾ ಪಟ್ಟಿ ಇಳಿಸಿಕೊಂಡು, ಲ್ಯಾಂಟರ್ನ್ ತಾಣದಲ್ಲಿ ಆ ಕಾಲದ ಪತ್ರಿಕೆಗಳನ್ನು ನೋಡಿ. ಎರಡೂ ಉಚಿತ. ಹೆಸರನ್ನು ಇಂಗ್ಲಿಷಿನಲ್ಲೇ, ಕೂಡಿಸಿ ಒಮ್ಮೆ, ಬಿಡಿಸಿ ಒಮ್ಮೆ ಟೈಪ್ ಮಾಡಿ. ಸ್ಕ್ಯಾನ್ ಮಾಡಿದ ಪುಟದಲ್ಲಿ ಅಕ್ಷರ ತಪ್ಪಾಗಿ ಓದಿಕೊಂಡಿರುತ್ತದೆ, ಹೆಸರು ಸಾಲಿನ ತುದಿಯಲ್ಲಿ ಮುರಿದಿರುತ್ತದೆ. ಆಗ ಚಿತ್ರದ ಹೆಸರಿನಿಂದ ಹುಡುಕಿದರೆ ಸಿಗುತ್ತದೆ.

ಪತ್ರಿಕೆಯಲ್ಲಿ ಹೆಸರು ಬಂತೆಂದರೆ ತೆರೆಗೆ ಬಂದ ಚಿತ್ರದಲ್ಲೂ ಇದ್ದಾರೆ ಎಂದಲ್ಲ. 1930ರ ‘ಆಲ್ ಕ್ವಯಟ್ ಆನ್ ದ ವೆಸ್ಟರ್ನ್ ಫ್ರಂಟ್’ನಲ್ಲಿ ತಾಯಿಯಾಗಿ ಮೊದಲು ನಟಿಸಿದ್ದು ಜಾಸು ಪಿಟ್ಸ್. ಅವರ ಹಾಸ್ಯ ಪಾತ್ರಗಳಿಗೆ ಒಗ್ಗಿದ್ದ ಜನ ಪ್ರಿವ್ಯೂನಲ್ಲಿ ನಕ್ಕುಬಿಟ್ಟರು. ಟಾಕಿಯಲ್ಲಿ ಆ ಪಾತ್ರ ಬೆರಿಲ್ ಮರ್ಸರ್ ಪಾಲಾಯಿತು. ಎಷ್ಟು ಗಂಭೀರ ನಟಿಗೆ ಎಂಥ ಅನ್ಯಾಯ! ಪೋಸ್ಟರನ್ನೂ ಆಧಾರವಾಗಿ ಹಿಡಿಯಬೇಡಿ. ನಮ್ಮ ಕಲಬುರಗಿಯ ಚಿತ್ರಕಲಾವಿದ ಎಸ್.ಎಂ. ಪಂಡಿತರು ಮುಂಬೈಯಲ್ಲಿ ಹಾಲಿವುಡ್ ಚಿತ್ರಗಳಿಗೆ ಷೋಕಾರ್ಡ್ (ಚಿತ್ರಮಂದಿರದ ಪ್ರಚಾರ ಫಲಕ) ಬರೆದವರು. ಅಂಥ ಕಲೆಯಲ್ಲಿ ಜಾಗವೆಲ್ಲ ತಾರೆಯರದು.

ಇನ್ನು ಮುಖ ಗುರುತಿಸುವುದು. ವಿಡಿಯೊ ನೋಡುವ ವಿಎಲ್‌ಸಿ ತಂತ್ರಾಂಶದಲ್ಲಿ ‘ಇ’ (E) ಕೀಲಿ ಒತ್ತುತ್ತ ಒಂದೊಂದೇ ಫ್ರೇಮ್ ಸರಿಸಿ. ಕೂದಲ ಬಣ್ಣ ನಂಬಬೇಡಿ: 1920ರ ದಶಕದ ನಡುವಿನವರೆಗೆ ಹೆಚ್ಚಾಗಿ ಬಳಸುತ್ತಿದ್ದ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪು ತುಟಿ ಕಪ್ಪಾಗುತ್ತದೆ, ನೀಲಿ ಕಣ್ಣು ಬಿಳಚಿಕೊಳ್ಳುತ್ತದೆ. ಕಿವಿಯ ಆಕಾರ, ಹಲ್ಲಿನ ಸಾಲು ನೋಡಿ, ಹೆಸರು ಖಚಿತವಿರುವ ಇನ್ನೊಂದು ಚಿತ್ರದ ಜೊತೆ ಹೋಲಿಸಿ. ಅನುಮಾನವಿದ್ದರೆ ಆ ಸಾಲು ಪೆನ್ಸಿಲಿನಲ್ಲೇ ಇರಲಿ.

ಬಳಗಕ್ಕೆ ಮೂಕಿ ತುಣುಕು ತೋರಿಸುವಾಗ ನಟರು ಗಡಬಡಿಸಿ ಓಡಿದಂತೆ ಕಂಡರೆ ವೇಗ 0.75ಕ್ಕೆ ಇಳಿಸಿ, ಸೆಕೆಂಡಿಗೆ 16–18 ಫ್ರೇಮಿನಂತೆ ತೆಗೆದದ್ದು 24ರಲ್ಲಿ ಓಡುತ್ತಿರುತ್ತದೆ. ಪಟ್ಟಿಯನ್ನು ಮಾತ್ರ ಕಾಗದದ ಮೇಲೆ ಹಂಚಿ. ಏಪ್ರಿಲ್, ಮೇ ಬಿಸಿಲಿನಲ್ಲಿ ಕರೆಂಟ್ ಹೋದರೂ ಕಾಗದ ನೋಡಿ ಮಾತು ಮುಂದುವರಿಸಬಹುದು.