ನೀರು ಕಡಿಮೆ, ನಾರ್‌ಅಡ್ರಿನಲಿನ್ ಬೇಗ: ಸೆಪ್ಟಿಕ್ ಶಾಕ್‌ನಲ್ಲಿ ನನ್ನ ಅನುಭವ

ನಾಟಿ ಮುಗಿಯುವ ಹೊತ್ತಿಗೆ ನಮ್ಮ ಕರಾವಳಿ ತಾಲ್ಲೂಕಿನ ಐಸಿಯು ತುಂಬಿರುತ್ತದೆ. ಇಲಿಜ್ವರ, ಸಣ್ಣ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರ, ಸಕ್ಕರೆ ಕಾಯಿಲೆಯವರ ಮೂತ್ರದ ಸೋಂಕು, ಕೊಳೆತ ಕಾಲು. ಕಾರಣ ಯಾವುದೇ ಇರಲಿ, ನಮ್ಮ ಬಾಗಿಲಿಗೆ ಬರುವಾಗ ಮೇಲಿನ ಬಿಪಿ 70, ಕೈಕಾಲು ತಣ್ಣಗೆ, ಮೂತ್ರದ ಚೀಲ ಖಾಲಿ. ಸೋಂಕಿನಿಂದ ಬಿಪಿ ಹೀಗೆ ಕುಸಿಯುವುದೇ ಸೆಪ್ಟಿಕ್ ಶಾಕ್. ಇಂಥವರಿಗೆ ಡ್ರಿಪ್‌ನ ನೀರು ಮಿತವಾಗಿ ಕೊಟ್ಟು, ರಕ್ತನಾಳ ಬಿಗಿಗೊಳಿಸಿ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಬೇಗ ಶುರುಮಾಡುವುದು ಕೆಲವು ವರ್ಷಗಳಿಂದ ನನ್ನ ಕ್ರಮ. ಅದನ್ನು ‘ಸಣ್ಣ ಆಸ್ಪತ್ರೆಯಲ್ಲಿ ಇದೆಲ್ಲ ನಡೆಯುವುದಿಲ್ಲ’ ಎಂದು ತಳ್ಳಿಹಾಕಿದ್ದವರೇ ಈಗ ರಾತ್ರಿ ಫೋನ್ ಮಾಡಿ ಡೋಸ್ ಕೇಳುತ್ತಾರೆ. ಹಾಗಾಗಿ ಬರೆದಿಡುತ್ತಿದ್ದೇನೆ.

ಹಿಂದೆ ಎಲ್ಲ ಕಡೆ ನಡೆಯುತ್ತಿದ್ದುದು ಒಂದೇ ಪದ್ಧತಿ. ಬಿಪಿ ಏರುವವರೆಗೆ ಸಲೈನ್, ಅಷ್ಟರಲ್ಲಿ ನಾರ್‌ಅಡ್ರಿನಲಿನ್‌ಗೆಂದು ಸೆಂಟ್ರಲ್ ಲೈನ್ (ದೇಹದ ದೊಡ್ಡ ಅಭಿಧಮನಿಗೆ ಕೊಳವೆ) ಹಾಕಲು ಅರಿವಳಿಕೆ ವೈದ್ಯರಿಗೆ ಕಾಯುವುದು. ಅವರು ಬೇರೆ ಊರಿನ ಸಿಸೇರಿಯನ್ ಮುಗಿಸಿ ಬರುವಾಗ ಮೂರು ನಾಲ್ಕು ಗಂಟೆ ಕಳೆದಿರುತ್ತಿತ್ತು, ಐದಾರು ಲೀಟರ್ ಒಳಗೆ ಹೋಗಿರುತ್ತಿತ್ತು. ನಲವತ್ತರ ಆಸುಪಾಸಿನ ಅಡಿಕೆ ತೋಟದ ಕೆಲಸಗಾರರೊಬ್ಬರು ನೆನಪಿನಿಂದ ಹೋಗುವುದಿಲ್ಲ. ಮರುದಿನ ಬೆಳಿಗ್ಗೆ ಮುಖ ಊದಿ ರೆಪ್ಪೆ ತೆರೆಯಲು ಆಗುತ್ತಿರಲಿಲ್ಲ, ಹೊಟ್ಟೆ ಬಿಗಿದಿತ್ತು, ಮೂತ್ರ ಹೆಚ್ಚಿಸುವ ಫ್ರೂಸೆಮೈಡ್ ಎಷ್ಟು ಹರಿಸಿದರೂ ಮೂತ್ರ ಇಪ್ಪತ್ತು ಮಿಲಿ ದಾಟಲಿಲ್ಲ. ದೊಡ್ಡ ಊರಿಗೆ ಕಳುಹಿಸಿದೆವು. ಅಲ್ಲಿ ನಿರಂತರ ಡಯಾಲಿಸಿಸ್, ವೆಂಟಿಲೇಟರ್. ಮನೆಯವರು ಚಿನ್ನ ಅಡವಿಟ್ಟು ನಾಲ್ಕು ಲಕ್ಷದ ಹತ್ತಿರ ಕಟ್ಟಿದರು, ಅವರು ಉಳಿಯಲಿಲ್ಲ. ನೀರಿನಿಂದಲೇ ಕಿಡ್ನಿ ಉಳಿಯುತ್ತದೆ ಎಂಬ ಮಾತಿನ ಮೇಲಿನ ನಂಬಿಕೆ ನನಗೆ ಅಲ್ಲಿಗೆ ಹೋಯಿತು.

ಈಗ ಆಂಟಿಬಯಾಟಿಕ್ ಮೊದಲ ಗಂಟೆಯಲ್ಲೇ ಹೋಗುತ್ತದೆ; ಸ್ಕ್ರಬ್ ಶಂಕೆಯಿದ್ದರೆ ಕಂಕುಳು, ತೊಡೆಸಂದು ತಡಕಿ ಹುಳು ಕಚ್ಚಿದ ಜಾಗದ ಕಪ್ಪು ಹಕ್ಕಳೆ ಸಿಗುವ ಮೊದಲೇ ಡಾಕ್ಸಿಸೈಕ್ಲಿನ್ ಶುರು. ಒಂದು ಲೀಟರ್ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಹರಿಯುತ್ತಿರುವಾಗಲೇ ಇನ್ನೊಂದು ಕೈಯ ಮೊಣಕೈ ಮಡಿಕೆಯ ದಪ್ಪ ರಕ್ತನಾಳಕ್ಕೆ 18 ನಂಬರ್ ಕ್ಯಾನುಲಾ, ಅದರಲ್ಲಿ ನಾರ್‌ಅಡ್ರಿನಲಿನ್. ದೇಹತೂಕದ ಕಿಲೋಗೆ ನಿಮಿಷಕ್ಕೆ 0.05 ಮೈಕ್ರೋಗ್ರಾಂನಿಂದ ಆರಂಭಿಸಿ 0.2ರವರೆಗೆ ಕೈಯ ರಕ್ತನಾಳದಲ್ಲೇ ಓಡಿಸುತ್ತೇನೆ, ಅದಕ್ಕೂ ಮೇಲೆ ಹೋದರೆ ಸೆಂಟ್ರಲ್ ಲೈನ್. 0.25 ದಾಟಿ ಕೆಲವು ಗಂಟೆ ಕಳೆದರೆ ಸ್ಟೀರಾಯ್ಡ್ ಆದ ಹೈಡ್ರೊಕಾರ್ಟಿಸೋನ್ 50 ಮಿಲಿಗ್ರಾಂ ಆರು ಗಂಟೆಗೊಮ್ಮೆ, ಜೊತೆಗೆ ಕೈಗೆಟುಕಿದರೆ ಬಿಪಿ ಏರಿಸುವ ಇನ್ನೊಂದು ಔಷಧ ವ್ಯಾಸೊಪ್ರೆಸಿನ್. ನಾರ್‌ಅಡ್ರಿನಲಿನ್‌ನ ಲೇಬಲ್ ಓದಿಯೇ ಲೆಕ್ಕ ಹಾಕಿ: ಎರಡು ಮಿಲಿಗ್ರಾಂ ಬೈಟಾರ್ಟ್ರೇಟ್ ಲವಣ ಎಂದರೆ ಒಂದು ಮಿಲಿಗ್ರಾಂ ನಾರ್‌ಅಡ್ರಿನಲಿನ್ ಅಷ್ಟೇ. ಕಂಪನಿ ಬದಲಾದ ದಿನ ಇಡೀ ವಾರ್ಡಿನ ಡೋಸ್ ಅರ್ಧವಾಗಿಬಿಡಬಹುದು.

‘ಕೈ ಕೊಳೆತರೆ ಯಾರು ಉತ್ತರ ಕೊಡುತ್ತೀರಿ ಸಾರ್?’ ಎಂದು ಅರಿವಳಿಕೆಯವರು ಕೇಳಿದ್ದರು. ಈ ಔಷಧ ರಕ್ತನಾಳದಿಂದ ಹೊರಗೆ ಸೋರಿದರೆ ಆ ಜಾಗಕ್ಕೆ ರಕ್ತ ನಿಂತು ಚರ್ಮ ಕೊಳೆಯಬಹುದು. ಹಾಗೆ ಸೋರಿದ್ದು ಬೆರಳೆಣಿಕೆಯಷ್ಟು ಸಲ. ಅದಕ್ಕೆ ಮದ್ದಾದ ಫೆಂಟೊಲಮೈನ್ ನಮ್ಮ ಕಡೆ ಸಿಗುವುದಿಲ್ಲ. ಬದಲಿಗೆ ಬಿಳಿಚಿದ ಜಾಗದ ಸುತ್ತ ರಕ್ತನಾಳ ಸಡಿಲಿಸುವ ಟರ್ಬುಟಾಲಿನ್ ಚುಚ್ಚಿದೆವು, ಬಣ್ಣ ಮರಳಿತು, ಒಂದು ಕೈಯೂ ಕೆಡಲಿಲ್ಲ. ಇದರ ಶ್ರೇಯ ಗಂಟೆಗೊಮ್ಮೆ ಟೇಪ್ ಎತ್ತಿ ನೋಡುವ ನಮ್ಮ ಸಿಸ್ಟರ್‌ಗಳದ್ದು. ಸಿರಿಂಜ್ ಬದಲಿಸುವಾಗ ಬಿಪಿ ಕುಸಿಯದಂತೆ ಅವರಲ್ಲೊಬ್ಬರು ರೂಢಿಸಿಕೊಂಡ ಕ್ರಮವೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದವರಿಗೆ ತೋರಿಸುತ್ತೇವೆ.

ಎರಡನೇ ಲೀಟರ್ ಬೇಕೇ ಬೇಡವೇ ಎಂದು ಹೇಳುವುದು ಬೆರಳ ತುದಿ. ಲ್ಯಾಬ್‌ನಿಂದ ತಂದ ಗಾಜಿನ ಸ್ಲೈಡನ್ನು ತೋರುಬೆರಳ ಒಳಬದಿಗೆ ಒತ್ತುತ್ತೇನೆ. ಗಾಜಿನಡಿ ಚರ್ಮ ಮೇಣದಂತೆ ಬಿಳಿಯಾಗುತ್ತದೆ. ಹತ್ತು ಸೆಕೆಂಡು ಹಿಡಿದು ಬಿಟ್ಟಾಗ ಅಂಚಿನಿಂದ ಒಳಕ್ಕೆ ಕೆಂಪು ಹರಿದು ಬರಬೇಕು, ಮೂರು ಸೆಕೆಂಡಿನೊಳಗೆ. ಅರ್ಧ ಗಂಟೆಗೊಮ್ಮೆ ನೋಡಿ ಬರೆದಿಡುತ್ತೇವೆ. ದಕ್ಷಿಣ ಅಮೆರಿಕದವರ 2019ರ ಆಂಡ್ರೊಮೆಡಾ ಅಧ್ಯಯನದಲ್ಲಿ ರಕ್ತದ ಲ್ಯಾಕ್ಟೇಟ್ (ಶಾಕ್‌ನಲ್ಲಿ ಏರುವ ಒಂದು ಅಂಶ) ಹಿಂಬಾಲಿಸಿದವರಿಗಿಂತ ಇದನ್ನು ಹಿಂಬಾಲಿಸಿದವರ ಫಲಿತಾಂಶ ಕಡಿಮೆಯೇನಿರಲಿಲ್ಲ. ಲ್ಯಾಕ್ಟೇಟ್ ಪ್ರತಿ ಸಲ ಎಂಟುನೂರು ರೂಪಾಯಿ ಕೇಳುತ್ತದೆ, ಸ್ಲೈಡ್‌ಗೆ ಒಂದೆರಡು ರೂಪಾಯಿ. ಬೆರಳು ಸರಿಯಾಗಿದ್ದರೆ ನೀರು ನಿಲ್ಲಿಸುತ್ತೇನೆ, ಮೂತ್ರ ಬಾರದಿದ್ದರೂ ಸರಿ. ಜಗಳ ಎದ್ದದ್ದೂ ಇಲ್ಲೇ. ಮೂತ್ರ ಇಲ್ಲದಿರುವುದಕ್ಕೆ ನೀರು ಕಡಿಮೆಯಾದದ್ದೇ ಕಾರಣ ಎಂದು ಹೊಸ ವೈದ್ಯರ ಕೈ ತಾನಾಗಿ ಡ್ರಿಪ್‌ನತ್ತ ಹೋಗುತ್ತದೆ.

ಕೋವಿಡ್ ಕಾಲದ ಇನ್‌ಫ್ರಾರೆಡ್ ಥರ್ಮಾಮೀಟರ್‌ಗಳು ಕಪಾಟಿನಲ್ಲಿ ರಾಶಿ ಬಿದ್ದಿದ್ದವು. ಕಾಲಿಗೆ ರಕ್ತ ಸಾಕಷ್ಟು ತಲುಪುತ್ತಿದೆಯೇ ಎಂದು ತಿಳಿಯಲು ಹಣೆಗೂ ಮೊಣಕಾಲಿಗೂ ಇರುವ ಉಷ್ಣತೆಯ ಅಂತರವನ್ನು ಒಂದು ಮಳೆಗಾಲ ಪೂರ್ತಿ ಬರೆಸಿದೆ. ಎಸಿ ಗಾಳಿ ಬೀಳುವ ಹಾಸಿಗೆಯಲ್ಲಿ ಎಲ್ಲರಿಗೂ ಅಂತರ ಹೆಚ್ಚು ಬಂತು, ಲೆಕ್ಕ ಕೆಟ್ಟಿತು. ಮೊಣಕಾಲ ಸುತ್ತಲಿನ ನೇರಳೆ ಮಚ್ಚೆಗಳು ಹರಡುತ್ತಿವೆಯೇ ಎಂದು ಕಣ್ಣಲ್ಲಿ ನೋಡುವುದೇ ವಾಸಿ.

ಕಿಡ್ನಿಯ ವಿಷಯದಲ್ಲಿ ಮೊದಲ ಕೆಲಸ ಅದಕ್ಕೆ ಪೆಟ್ಟು ಕೊಡುವುದನ್ನು ನಿಲ್ಲಿಸುವುದು. ನಮ್ಮಲ್ಲಿಗೆ ಬರುವ ಅರ್ಧಕ್ಕರ್ಧ ಜನ ಜ್ವರಕ್ಕೆಂದು ಎರಡು ಮೂರು ದಿನ ನೋವಿನ ಮದ್ದು ಡೈಕ್ಲೊಫೆನಾಕ್ ಚುಚ್ಚಿಸಿಕೊಂಡೇ ಬಂದಿರುತ್ತಾರೆ. ಕಿಡ್ನಿ ಕೆಡಿಸಬಲ್ಲ ಆಂಟಿಬಯಾಟಿಕ್ ಆದ ಅಮಿಕಾಸಿನ್ ನಾನು ಮುಟ್ಟುವುದಿಲ್ಲ. ಸರಾಸರಿ ರಕ್ತದೊತ್ತಡ (ಮೇಲಿನ, ಕೆಳಗಿನ ಬಿಪಿ ಎರಡನ್ನೂ ಸೇರಿಸಿ ಲೆಕ್ಕ ಹಾಕಿದ್ದು) 65 ಸಾಕು. ಹಳೆಯ ಬಿಪಿ ರೋಗಿಗಳಿಗೆ ಮಾತ್ರ 75–80ಕ್ಕೆ ಏರಿಸುತ್ತೇನೆ. ಫ್ರಾನ್ಸಿನ 2014ರ ಸೆಪ್ಸಿಸ್‌ಪ್ಯಾಮ್ ಅಧ್ಯಯನದಲ್ಲಿ 80–85ಕ್ಕೆ ಏರಿಸಿದಾಗ ಇಂಥವರಿಗೆ ಡಯಾಲಿಸಿಸ್ ಕಡಿಮೆ ಬೇಕಾಗಿತ್ತು. ಒತ್ತಡ ನಿಂತ ಮೇಲೆ ಕಿಲೋಗೆ ಒಂದು ಮಿಲಿಗ್ರಾಂನಂತೆ ಫ್ರೂಸೆಮೈಡ್ ಒಂದೇ ಸಲ ಕೊಟ್ಟು ಎರಡು ಗಂಟೆ ಕಾಯುತ್ತೇನೆ. ಮೂತ್ರ 200 ಮಿಲಿ ದಾಟಿದರೆ ಆ ರಾತ್ರಿ ನಿದ್ದೆ ಮಾಡಬಹುದು. ದಾಟದಿದ್ದರೂ ಡಯಾಲಿಸಿಸ್‌ಗೆ ಓಡುವುದಿಲ್ಲ. ಪೊಟ್ಯಾಸಿಯಂ, ಆಮ್ಲತೆ, ಶ್ವಾಸಕೋಶದ ನೀರು ಈ ಮೂರರ ಮೇಲೆ ಕಣ್ಣಿಟ್ಟು ಕಾಯುತ್ತೇನೆ. ಸೆಪ್ಟಿಕ್ ಶಾಕ್‌ನವರ ಮೇಲೆಯೇ ನಡೆದ 2018ರ ಐಡಿಯಲ್-ಐಸಿಯು ಅಧ್ಯಯನದಲ್ಲಿ ಕಾದ ಗುಂಪಿನ ಶೇ. 38 ಜನರಿಗೆ ಯಂತ್ರ ಹಚ್ಚಲೇ ಇಲ್ಲ, ಅವರಲ್ಲಿ ಹೆಚ್ಚಿನವರ ಕಿಡ್ನಿ ತಾನಾಗಿ ಚೇತರಿಸಿತ್ತು. ಸಾವಿನ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. ಆದರೆ ಇಲಿಜ್ವರದಲ್ಲಿ ಕಾಮಾಲೆಯ ಜೊತೆ ಶ್ವಾಸಕೋಶವೂ ಕೆಟ್ಟಿದ್ದರೆ ಕಾಯಬೇಡಿ. ಬ್ರೆಜಿಲ್‌ನವರು 2007ರಲ್ಲೇ ತೋರಿಸಿದಂತೆ ಅಲ್ಲಿ ಡಯಾಲಿಸಿಸ್ ಬೇಗ, ಪ್ರತಿದಿನ ಮಾಡಿದರೆ ಹೆಚ್ಚು ಜೀವ ಉಳಿಯುತ್ತದೆ.

ಯಂತ್ರ ಬೇಕಾದಾಗ ಸಾಮಾನ್ಯ ಡಯಾಲಿಸಿಸ್ ಯಂತ್ರವನ್ನೇ ನಿಧಾನ ಓಡಿಸುತ್ತೇವೆ: ನಿಮಿಷಕ್ಕೆ ರಕ್ತ 150 ಮಿಲಿ, ಡಯಾಲಿಸಿಸ್ ದ್ರವ 300 ಮಿಲಿ, ಏಳೆಂಟು ಗಂಟೆ, ಹೆಪಾರಿನ್ ಇಲ್ಲದೆ. ನಾರ್‌ಅಡ್ರಿನಲಿನ್ ಓಡುತ್ತಿರುವಾಗಲೇ ಆಗುತ್ತದೆ. ಒಂದು ಸಲಕ್ಕೆ ಎಲ್ಲ ಸೇರಿ ನಾಲ್ಕು ಸಾವಿರದ ಒಳಗೆ. ನಿರಂತರ ಡಯಾಲಿಸಿಸ್‌ಗೆ ಮೊದಲ ದಿನವೇ ಮೂವತ್ತು ಸಾವಿರದ ಮೇಲಾಗುತ್ತದೆ. ರಕ್ತದ ಪ್ರೋಟೀನ್ ಆದ ಆಲ್ಬುಮಿನ್ ಡ್ರಿಪ್ ಬಾಟಲಿಗೆ ಐದು ಸಾವಿರ. ಅದನ್ನು ಬರೆಯುವುದನ್ನೇ ಬಿಟ್ಟು ಆ ದುಡ್ಡಿನಲ್ಲಿ ಆಸ್ಪತ್ರೆಗೆ ಎರಡು ಸಿರಿಂಜ್ ಪಂಪ್ ಕೊಳ್ಳಿ ಎಂದು ಆಡಳಿತದವರ ಬೆನ್ನು ಬಿದ್ದೆ, ಕೊಂಡರು. ಈಗ ಒಬ್ಬ ರೋಗಿಗೆ ಒಟ್ಟು ನಲವತ್ತು ಐವತ್ತು ಸಾವಿರದಲ್ಲಿ ಮುಗಿಯುತ್ತಿದೆ. ಡಯಾಲಿಸಿಸ್‌ವರೆಗೆ ಹೋಗುವವರು ಮೊದಲಿನ ಅರ್ಧದಷ್ಟೂ ಇಲ್ಲ.

ಲಿವರ್ ಸಿರೋಸಿಸ್ ಇದ್ದವರಲ್ಲಿ, ಹೃದಯ ಮೊದಲೇ ಸೋತವರಲ್ಲಿ ಈ ಕ್ರಮ ಇನ್ನೂ ಕೈಹಿಡಿದಿಲ್ಲ. ಅವರಿಗಾಗಿ ಈ ಮಳೆಗಾಲದಿಂದ ಅಲ್ಟ್ರಾಸೌಂಡ್‌ನಲ್ಲಿ ಕಿಡ್ನಿಯ ಅಭಿಧಮನಿಯ ಹರಿವನ್ನು ನೋಡಿ ನೀರಿನ ಲೆಕ್ಕ ಹಾಕಲು ಶುರುಮಾಡಿದ್ದೇವೆ.